ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ಹೊತ್ತು?

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ವಿಮಾನದಲ್ಲಿ ಎಷ್ಟು ಹೊತ್ತು? 1983ರಲ್ಲಿ ಕೇಳಿದ್ದರೆ ಸುಮಾರು 13 ಗಂಟೆ ಅನ್ನುತ್ತಿದ್ದರು. 2013ರಲ್ಲಿ ಕೇಳಿದ್ದರೆ ಒಂಬತ್ತೂವರೆ ಗಂಟೆ. 2023ರಲ್ಲಿ ಕೇಳಿದ್ದರೆ ಮತ್ತೆ 13 ಗಂಟೆ. ಈ ನಲವತ್ತು ವರ್ಷದಲ್ಲಿ ಫೋನು ಬದಲಾಯಿತು, ಕಂಪ್ಯೂಟರು ಬದಲಾಯಿತು, ವಿಮಾನವೂ ಬದಲಾಯಿತು. ಈ ಎರಡು ಊರಿನ ನಡುವಿನ ಪ್ರಯಾಣ ಮಾತ್ರ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ಕೂತಿದೆ.

ನನ್ನ ಕೆಲಸದಲ್ಲಿ ಫಿನ್ಲೆಂಡಿನವರೂ ಇದ್ದಾರೆ, ಜಪಾನಿನವರೂ ಇದ್ದಾರೆ. ವಾರಕ್ಕೊಮ್ಮೆ ಎಲ್ಲರೂ ಒಂದೇ ಕಾಲ್‌ನಲ್ಲಿ ಸೇರುತ್ತೇವೆ. ಹೆಲ್ಸಿಂಕಿಯ ಸಹೋದ್ಯೋಗಿಯೊಬ್ಬರು ಒಮ್ಮೆ ಮಾತಿನ ಮಧ್ಯೆ, "ನಮಗೆ ಟೋಕಿಯೋ ಮೊದಲು ಹತ್ತಿರ ಇತ್ತು, ಈಗ ದೂರ ಆಗಿದೆ" ಅಂದರು. ಊರು ದೂರ ಆಗೋದು ಅಂದರೇನು? ಕುತೂಹಲ ತಡೆಯದೆ ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯೋಕೆ ಹ್ಯಾವರ್ಸೈನ್ ಅಂತ ಒಂದು ಸೂತ್ರ ಇದೆ, ಪೈಥಾನ್‌ನಲ್ಲಿ ಹತ್ತು ಸಾಲಿನ ಕೋಡು. ಹೆಲ್ಸಿಂಕಿ ವಿಮಾನ ನಿಲ್ದಾಣದಿಂದ ಟೋಕಿಯೋದ ನರಿಟಾ ನಿಲ್ದಾಣಕ್ಕೆ ಸುಮಾರು 7,830 ಕಿಲೋಮೀಟರ್ ಬಂತು. ಗಂಟೆಗೆ ಸುಮಾರು 900 ಕಿ.ಮೀ. ವೇಗ ಹಿಡಿದು, ಏರುವುದಕ್ಕೆ ಇಳಿಯುವುದಕ್ಕೆ ಒಂದಿಷ್ಟು ಸೇರಿಸಿದರೆ ಒಂಬತ್ತೂವರೆ ಗಂಟೆ ಸರಿಹೋಗುತ್ತೆ. ಹಾಗಾದರೆ ಉಳಿದ ಮೂರೂವರೆ ಗಂಟೆ ಎಲ್ಲಿಂದ ಬಂತು?

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿ ಹೆಲ್ಸಿಂಕಿ ಮೇಲೆ, ಇನ್ನೊಂದು ತುದಿ ಟೋಕಿಯೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಹೆಚ್ಚುಕಡಿಮೆ ಪೂರ್ತಿ ರಷ್ಯಾದ ನೆತ್ತಿ ಮೇಲೇ ಹೋಗುತ್ತೆ. ಉರಲ್ ಬೆಟ್ಟ ದಾಟಿ, ಸೈಬೀರಿಯಾ ದಾಟಿ, ಕೊನೆಗೆ ಜಪಾನ್ ಸಮುದ್ರಕ್ಕೆ ಬಂದು ಇಳಿಯುತ್ತೆ. ಅಂದರೆ ಈ 7,830 ಕಿಲೋಮೀಟರ್ ನಿಮ್ಮದಾಗಬೇಕಾದರೆ ನಡುವೆ ಕೂತಿರುವ ಒಬ್ಬ ಯಜಮಾನ "ಹೋಗಿ" ಅನ್ನಬೇಕು. ಈ ಕಥೆಯೆಲ್ಲ ಅವನು ಯಾವಾಗ "ಹೋಗಿ" ಅಂದ, ಯಾವಾಗ ಬೇಲಿ ಹಾಕಿದ ಅನ್ನೋದರದ್ದು.

ಆಕಾಶಕ್ಕೆ ಯಜಮಾನ ಇರ್ತಾನಾ ಅಂತ ನೀವು ಕೇಳಬಹುದು. ಇರ್ತಾನೆ. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಹಲವು ದೇಶಗಳು ಅಮೆರಿಕದ ಷಿಕಾಗೋದಲ್ಲಿ ಸೇರಿ ನಾಗರಿಕ ವಿಮಾನಯಾನಕ್ಕೆ ಒಂದು ಒಪ್ಪಂದ ಮಾಡಿಕೊಂಡವು. ಅದರ ಮೊದಲನೇ ವಿಧಿಯೇ ಇದು: ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರ. ಅದರ ಜೊತೆಗೇ ಇನ್ನೊಂದು ಒಪ್ಪಂದ ಆಯಿತು. ಅದಕ್ಕೆ ಸಹಿ ಹಾಕಿದ ದೇಶಗಳು ಪರಸ್ಪರರ ವೇಳಾಪಟ್ಟಿಯ ವಿಮಾನಗಳಿಗೆ ಇಳಿಯದೆ ಮೇಲಿಂದ ಹಾದುಹೋಗಲು ದಾರಿ ಕೊಡಬೇಕು. ಭಾರತ ಇದಕ್ಕೆ ಸಹಿ ಹಾಕಿದೆ. ಸೋವಿಯತ್ ಒಕ್ಕೂಟ ಹಾಕಲಿಲ್ಲ, ಆಮೇಲೆ ಬಂದ ರಷ್ಯಾವೂ ಹಾಕಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ. ಹೈಸ್ಕೂಲು ಪಕ್ಕದೂರಲ್ಲಿ. ತೆಂಗಿನ ತೋಟವೊಂದರ ಒಳಗೆ ಹಾದು ಹೋದರೆ ಎರಡು ಕಿಲೋಮೀಟರ್. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಆ ತೋಟದ ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟು ಹತ್ತಿತು, ಮುಳ್ಳುತಂತಿ ಬೇಲಿ ಬಿತ್ತು. ಕೆರೆ ಏರಿ ಮೇಲೆ ಸುತ್ತಿಕೊಂಡು ಹೋದರೆ ನಾಲ್ಕೂವರೆ ಕಿಲೋಮೀಟರ್. ಆ ಜಗಳಕ್ಕೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಅಮ್ಮ ದಿನಾ ಅರ್ಧ ಗಂಟೆ ಮುಂಚೆ ಎದ್ದು ರೊಟ್ಟಿ ತಟ್ಟಬೇಕಾಯಿತು. "ನಕಾಶೆ ಕಂಡ ದಾರಿ ಆಗಿದ್ರೆ ತಹಸೀಲ್ದಾರ್ ಹತ್ರ ಹೋಗಬಹುದಿತ್ತು, ಇದು ಅವರ ಹಿಡುವಳಿ, ಏನ್ ಮಾಡೋಕಾಗುತ್ತೆ" ಅಂತ ಅಪ್ಪ ಸುಮ್ಮನಾದರು. ಗ್ರಾಮ ನಕಾಶೆಯಲ್ಲಿ ಗುರುತಾದ ದಾರಿಯನ್ನ ಯಾರೂ ಮುಚ್ಚುವ ಹಾಗಿಲ್ಲ. ಉಳಿದ ಕಾಲುದಾರಿಗಳು ಎಷ್ಟೋ ಸಲ ಯಜಮಾನನ ಮನಸ್ಸು ಇರುವವರೆಗೆ. ಸೈಬೀರಿಯಾದ ಮೇಲೆ ನಕಾಶೆ ಕಂಡ ದಾರಿ ಅಂತ ಯಾವತ್ತೂ ಇರಲಿಲ್ಲ.

ಹಾಗಾಗಿ ಯುದ್ಧದ ನಂತರ ಯೂರೋಪಿನಿಂದ ಜಪಾನಿಗೆ ಹೋಗುವವರು ದಕ್ಷಿಣಕ್ಕೆ ಸುತ್ತಬೇಕಿತ್ತು. ಮಧ್ಯಪ್ರಾಚ್ಯ, ಕರಾಚಿ, ಕಲ್ಕತ್ತಾ, ಬ್ಯಾಂಕಾಕ್ ಅಂತ ಇಳಿದು ಹತ್ತಿ, ಇಳಿದು ಹತ್ತಿ ಹೋಗುವ ಪ್ರಯಾಣ. ಕಲ್ಕತ್ತಾದ ಡಂಡಂ ವಿಮಾನ ನಿಲ್ದಾಣ ಆ ಕಾಲದಲ್ಲಿ ಅಷ್ಟು ಗಿಜಿಗುಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಕೋಪನ್‌ಹೇಗನ್‌ನಿಂದ ಟೋಕಿಯೋ ತಲುಪೋಕೆ ಐವತ್ತು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು.

1957ರ ಫೆಬ್ರುವರಿ 24ರಂದು ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಬೇರೆ ದಾರಿ ಹಿಡಿಯಿತು. ಪೂರ್ವಕ್ಕೂ ಹೋಗಲಿಲ್ಲ, ದಕ್ಷಿಣಕ್ಕೂ ಹೋಗಲಿಲ್ಲ, ಸೀದಾ ಉತ್ತರಕ್ಕೆ ಹೋಯಿತು. ಕೋಪನ್‌ಹೇಗನ್‌ನಿಂದ ಹೊರಟು ಉತ್ತರ ಧ್ರುವ ದಾಟಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು, ಅಲ್ಲಿಂದ ಟೋಕಿಯೋ. ನಾಲ್ಕು ಪ್ರೊಪೆಲ್ಲರಿನ ಡಿಸಿ-7ಸಿ ವಿಮಾನ. ಒಟ್ಟು ಸಮಯ ಸುಮಾರು 32 ಗಂಟೆಗೆ ಇಳಿಯಿತು.

ಹೇಳಿದಷ್ಟು ಸುಲಭದ ಕೆಲಸ ಅಲ್ಲ ಅದು. ಧ್ರುವದ ಹತ್ತಿರ ಮಾಮೂಲಿ ದಿಕ್ಸೂಚಿ ನಂಬೋಕಾಗಲ್ಲ. ರೇಖಾಂಶದ ಗೆರೆಗಳೆಲ್ಲ ಒಂದೇ ಕಡೆ ಬಂದು ಸೇರುವುದರಿಂದ ನೀವು ನೇರವಾಗಿ ಹೋಗುತ್ತಿದ್ದರೂ ನಿಮಿಷ ನಿಮಿಷಕ್ಕೆ ದಿಕ್ಕಿನ ಲೆಕ್ಕ ಬದಲಾಗುತ್ತೆ. ಧ್ರುವದ ತುದಿಯಲ್ಲಿ ನಿಂತರೆ ಯಾವ ಕಡೆ ಹೆಜ್ಜೆ ಇಟ್ಟರೂ ದಕ್ಷಿಣವೇ. ಅದಕ್ಕಾಗಿ ವಿಶೇಷ ಗೈರೋಸ್ಕೋಪ್ ಮಾಡಿಸಿದರು, ನಕ್ಷೆಯ ಮೇಲೆ ಗ್ರಾಫ್ ಹಾಳೆಯ ಹಾಗೆ ಚೌಕ ಎಳೆದು ಅದನ್ನೇ ದಿಕ್ಕು ಅಂತ ಇಟ್ಟುಕೊಂಡರು. ಹಿಮದ ಮೇಲೆ ಇಳಿಯಬೇಕಾಗಿ ಬಂದರೆ ಬದುಕಿ ಉಳಿಯೋಕೆ ಬೇಕಾದ ಸಾಮಾನು, ಹಿಮಕರಡಿ ಬಂದರೆ ಇರಲಿ ಅಂತ ಬಂದೂಕು ಕೂಡ ವಿಮಾನದಲ್ಲಿ ಇರುತ್ತಿತ್ತು.

ಕೆಎಲ್‌ಎಂ, ಏರ್ ಫ್ರಾನ್ಸ್, ಜಪಾನ್ ಏರ್‌ಲೈನ್ಸ್ ಎಲ್ಲವೂ ಇದೇ ದಾರಿಗೆ ಬಂದವು. ನಮ್ಮ ಕಡೆ ರಾತ್ರಿ ಬಸ್ಸುಗಳೆಲ್ಲ ಒಂದೇ ಹೈವೇ ಹೋಟೆಲಿನ ಮುಂದೆ ನಿಲ್ಲುವ ಹಾಗೆ ಯೂರೋಪ್-ಜಪಾನ್ ವಿಮಾನಗಳೆಲ್ಲ ಆಂಕರೇಜ್‌ನಲ್ಲಿ ನಿಲ್ಲುತ್ತಿದ್ದವು. ಆ ನಿಲ್ದಾಣದಲ್ಲಿ ಸಿಗುತ್ತಿದ್ದ ಉಡಾನ್ ನೂಡಲ್ಸ್ ಅನ್ನ ಒಂದು ತಲೆಮಾರಿನ ಜಪಾನೀಯರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಸೋವಿಯತ್‌ನವರು ಬಾಗಿಲನ್ನ ಪೂರ್ತಿ ಮುಚ್ಚಿಯೇ ಇದ್ದರು ಅಂತಲೂ ಅಲ್ಲ. 1967ರಲ್ಲಿ ಮಾಸ್ಕೋ-ಟೋಕಿಯೋ ನಡುವೆ ಏರೋಫ್ಲೋಟ್‌ನ ಟಿಯು-114 ವಿಮಾನದಲ್ಲಿ ಜಪಾನ್ ಏರ್‌ಲೈನ್ಸ್ ಜೊತೆಗೂಡಿ ಸೇವೆ ಶುರುವಾಯಿತು. 1970ರಿಂದ ಜಪಾನಿನವರು ತಮ್ಮದೇ ವಿಮಾನದಲ್ಲಿ ಮಾಸ್ಕೋಗೆ ಬಂದು ಅಲ್ಲಿಂದ ಯೂರೋಪಿಗೆ ಹೋಗಬಹುದಾಯಿತು. ಆದರೆ ಅನುಮತಿ ಅಷ್ಟಕ್ಕಷ್ಟೇ, ಜೊತೆಗೆ ಏರೋಫ್ಲೋಟ್‌ಗೆ ದುಡ್ಡು ಕಟ್ಟಬೇಕು. ಸೈಬೀರಿಯಾ ದಾಟುವುದಕ್ಕೆ ಅದೊಂದು ಟೋಲ್. ಈ ಟೋಲ್ ಸೋವಿಯತ್ ಒಕ್ಕೂಟ ಹೋದ ಮೇಲೂ ಉಳಿಯಿತು, ವರ್ಷಕ್ಕೆ ನೂರಾರು ಮಿಲಿಯನ್ ಡಾಲರ್ ತರುವ ಬಾಬ್ತಾಯಿತು.

ಈಗ 1983ಕ್ಕೆ ಬರೋಣ. ಆ ವರ್ಷ ಏಪ್ರಿಲ್ 22ರಂದು ಫಿನ್ಲೆಂಡಿನ ಫಿನ್‌ಏರ್ ಕಂಪನಿ ಹೆಲ್ಸಿಂಕಿಯಿಂದ ಟೋಕಿಯೋಗೆ ಎಲ್ಲೂ ನಿಲ್ಲದ ವಿಮಾನ ಶುರು ಮಾಡಿತು. ಪಶ್ಚಿಮ ಯೂರೋಪಿನ ಬೇರೆ ಯಾವ ಕಂಪನಿಯೂ ಆಗ ಜಪಾನಿಗೆ ಹೀಗೆ ತಡೆರಹಿತವಾಗಿ ಹಾರುತ್ತಿರಲಿಲ್ಲ. ಮೂರು ಇಂಜಿನ್ನಿನ ಡಿಸಿ-10, ಹೆಚ್ಚುವರಿ ಇಂಧನದ ಟ್ಯಾಂಕು, ಸುಮಾರು 13 ಗಂಟೆ. ಫಿನ್ಲೆಂಡಿಗೂ ಸೋವಿಯತ್‌ಗೂ 1,300 ಕಿಲೋಮೀಟರ್ ಉದ್ದದ ಗಡಿ ಇತ್ತು, ಸಂಬಂಧವೂ ಹಾಳಾಗಿರಲಿಲ್ಲ. ಆದರೂ ಮೇಲಿಂದ ಹಾದುಹೋಗಲು ದಾರಿ ಸಿಗಲಿಲ್ಲ. ಉತ್ತರಕ್ಕೆ ಹಾರಿ, ಧ್ರುವ ದಾಟಿ, ರಷ್ಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿಯ ಕಡೆಯಿಂದ ಪೆಸಿಫಿಕ್‌ಗೆ ಇಳಿದು ಜಪಾನ್ ತಲುಪುತ್ತಿದ್ದರು. ಧ್ರುವ ದಾಟಿದ್ದಕ್ಕೆ ಪ್ರಯಾಣಿಕರಿಗೆ ಸರ್ಟಿಫಿಕೇಟು ಕೊಡುತ್ತಿದ್ದರು.

ನನ್ನ ಹತ್ತು ಸಾಲಿನ ಕೋಡಿಗೆ ಈ ಸುತ್ತುದಾರಿಯನ್ನೂ ಹಾಕಿ ನೋಡಿದೆ. ಹೆಲ್ಸಿಂಕಿಯಿಂದ ಧ್ರುವಕ್ಕೆ ಸುಮಾರು 3,300 ಕಿ.ಮೀ. ಧ್ರುವದಿಂದ ಬೇರಿಂಗ್ ಜಲಸಂಧಿಗೆ 2,670. ಅಲ್ಲಿಂದ ನರಿಟಾಗೆ ನೇರ ಹೋದರೆ 4,670. ಒಟ್ಟು 10,640 ಕಿ.ಮೀ. ಆದರೆ ಆ ಕೊನೇ ತುಂಡನ್ನ ನಕ್ಷೆ ಮೇಲೆ ಎಳೆದಾಗ ಮೈ ಜುಮ್ಮೆಂದಿತು. ಬೇರಿಂಗ್‌ನಿಂದ ಟೋಕಿಯೋಗೆ ಅತಿ ಹತ್ತಿರದ ಗೆರೆ ಸರಿಯಾಗಿ ಕಮ್ಚಾಟ್ಕಾ ಪರ್ಯಾಯ ದ್ವೀಪದ ಮೇಲೆ ಹೋಗುತ್ತೆ. ಅಲ್ಲಿ ಸೋವಿಯತ್‌ನ ಸೇನಾ ನೆಲೆಗಳಿದ್ದವು. ಅದಕ್ಕೇ ವಿಮಾನಗಳು ಇನ್ನೂ ಪೂರ್ವಕ್ಕೆ ಸರಿದು, ಸಮುದ್ರದ ಮೇಲೆ ಇನ್ನಷ್ಟು ಸುತ್ತಿ ಹೋಗಬೇಕು. ಆ ಗೆರೆಯಿಂದ ದೂರ ಇರಬೇಕು ಅನ್ನೋದು ಕಾಗದದ ಮೇಲಿನ ನಿಯಮ ಮಾತ್ರ ಆಗಿರಲಿಲ್ಲ.

ಫಿನ್‌ಏರ್ ಸೇವೆ ಶುರುವಾಗಿ ಐದು ತಿಂಗಳೂ ಆಗಿರಲಿಲ್ಲ. 1983ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕ್‌ನಿಂದ ಆಂಕರೇಜ್ ಮೂಲಕ ಸೋಲ್‌ಗೆ ಹೋಗುತ್ತಿದ್ದ ಕೊರಿಯನ್ ಏರ್ ಲೈನ್ಸ್‌ನ 007 ಸಂಖ್ಯೆಯ ವಿಮಾನ ದಾರಿ ತಪ್ಪಿತು. ಆಟೋಪೈಲಟ್ ನ್ಯಾವಿಗೇಶನ್ ವ್ಯವಸ್ಥೆಗೆ ಜೋಡಿಕೊಳ್ಳದೆ ಒಂದೇ ದಿಕ್ಕು ಹಿಡಿದು ಹೋಗುವ ಮೋಡ್‌ನಲ್ಲೇ ಉಳಿದಿತ್ತು ಅಂತ ಹತ್ತು ವರ್ಷ ಕಳೆದ ಮೇಲೆ ಅಂತರರಾಷ್ಟ್ರೀಯ ತನಿಖೆ ಹೇಳಿತು. ಗಂಟೆಗಳು ಕಳೆದಂತೆ ವಿಮಾನ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಕಮ್ಚಾಟ್ಕಾ ಮೇಲೆ ಹೋಯಿತು, ಆಮೇಲೆ ಸಖಾಲಿನ್ ದ್ವೀಪದ ಮೇಲೆ. ಸೋವಿಯತ್ ಯುದ್ಧವಿಮಾನ ಅದನ್ನ ಹೊಡೆದುರುಳಿಸಿತು. 269 ಜನ. ಒಬ್ಬರೂ ಉಳಿಯಲಿಲ್ಲ.

ಅದು ಮೊದಲನೆಯದೂ ಆಗಿರಲಿಲ್ಲ. 1978ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಿಂದ ಆಂಕರೇಜ್‌ಗೆ ಹೊರಟಿದ್ದ ಅದೇ ಕಂಪನಿಯ ಇನ್ನೊಂದು ವಿಮಾನ ಧ್ರುವ ಪ್ರದೇಶದಲ್ಲಿ ದಿಕ್ಕು ತಪ್ಪಿ, ಹಿಂದಕ್ಕೆ ತಿರುಗಿ ಸೋವಿಯತ್ ಗಡಿಯೊಳಗೆ ಹೋಗಿ ಗುಂಡೇಟು ತಿಂದು ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ಇಳಿದಿತ್ತು. ಇಬ್ಬರು ಸತ್ತರು, ಉಳಿದ 107 ಜನ ಬದುಕಿದರು.

007ರ ದುರಂತದ ಎರಡು ವಾರದ ನಂತರ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ಒಂದು ಘೋಷಣೆ ಮಾಡಿತು. ಸೇನೆಗಾಗಿ ಕಟ್ಟುತ್ತಿದ್ದ ಉಪಗ್ರಹ ವ್ಯವಸ್ಥೆ ಸಿದ್ಧವಾದ ಮೇಲೆ ಅದನ್ನ ನಾಗರಿಕರ ಬಳಕೆಗೂ ಉಚಿತವಾಗಿ ಕೊಡುತ್ತೇವೆ ಅಂತ. ಆ ವ್ಯವಸ್ಥೆಯ ಹೆಸರು ಜಿಪಿಎಸ್. ನಿಮ್ಮ ಬಿರಿಯಾನಿ ಸಿಲ್ಕ್ ಬೋರ್ಡ್ ದಾಟಿತಾ ಇಲ್ಲವಾ ಅಂತ ಫೋನಿನಲ್ಲಿ ನೋಡುತ್ತೀರಲ್ಲ, ಆ ನೀಲಿ ಚುಕ್ಕಿಯ ಹಿಂದೆ ಈ 269 ಜನರ ಸಾವೂ ಇದೆ. ನಾನು ಲೊಕೇಶನ್ ಡೇಟಾ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದೀನಿ. ಇದನ್ನ ಯಾವ ಟ್ರೇನಿಂಗ್‌ನಲ್ಲೂ ಯಾರೂ ಹೇಳಿರಲಿಲ್ಲ.

ಗೋರ್ಬಚೆವ್ ಕಾಲದಲ್ಲಿ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಚೂರಾದ ಮೇಲೆ ಸೈಬೀರಿಯಾದ ದಾರಿ ಮಾಮೂಲಿ ಆಯಿತು. ಆಂಕರೇಜ್‌ನಲ್ಲಿ ಪ್ರಯಾಣಿಕರ ವಿಮಾನ ನಿಲ್ಲುವುದು ಕಮ್ಮಿಯಾಯಿತು. ಹೆಲ್ಸಿಂಕಿಗೆ ಮಾತ್ರ ಲಾಟರಿ ಹೊಡೆದ ಹಾಗಾಯಿತು. ಯೂರೋಪಿನ ಮೂಲೆಯಲ್ಲಿದ್ದ ಊರು ಇದ್ದಕ್ಕಿದ್ದ ಹಾಗೆ ಏಷ್ಯಾಕ್ಕೆ ಅತಿ ಹತ್ತಿರದ ಯೂರೋಪಾಯಿತು.

ಫಿನ್‌ಏರ್ ಇದರ ಮೇಲೆ ತನ್ನ ಇಡೀ ವ್ಯವಹಾರ ಕಟ್ಟಿತು. ಲೆಕ್ಕ ಸರಳ. ಹೋಗೋಕೆ ಒಂಬತ್ತೂವರೆ, ಬರೋಕೆ ಒಂಬತ್ತೂವರೆ, ಒಟ್ಟು 19 ಗಂಟೆ. ನಡುವೆ ಸ್ವಚ್ಛ ಮಾಡಿ, ಇಂಧನ ತುಂಬಿ, ಜನ ಹತ್ತಿಸೋಕೆ ಐದು ಗಂಟೆ ಉಳಿಯುತ್ತೆ. 24 ಗಂಟೆಯೊಳಗೆ ವಿಮಾನ ಹೋಗಿ ವಾಪಸ್ ಬಂದುಬಿಡುತ್ತೆ. ಅಂದರೆ ದಿನಕ್ಕೊಂದು ಸೇವೆ ನಡೆಸೋಕೆ ಒಂದೇ ವಿಮಾನ ಸಾಕು. ಯೂರೋಪಿನ ಪಶ್ಚಿಮಕ್ಕಿರುವ ಊರುಗಳಿಗೆ ಈ ಅನುಕೂಲ ಇಲ್ಲ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. 27ರಂದು ಯೂರೋಪಿಯನ್ ಒಕ್ಕೂಟ ತನ್ನ ಆಕಾಶವನ್ನ ರಷ್ಯಾದ ವಿಮಾನಗಳಿಗೆ ಮುಚ್ಚುವುದಾಗಿ ಹೇಳಿತು. ಮರುದಿನ ರಷ್ಯಾ 36 ದೇಶಗಳ ವಿಮಾನ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿತು. ಫಿನ್‌ಏರ್‌ನ ಏಷ್ಯಾ ವಿಮಾನಗಳು ಸಾಲುಸಾಲಾಗಿ ರದ್ದಾದವು. ಮಾರ್ಚ್ 9ರಂದು ಟೋಕಿಯೋ ಸೇವೆ ಮತ್ತೆ ಶುರುವಾಯಿತು. ಕಪಾಟಿನಿಂದ ಹಳೇ ದಾರಿಯನ್ನೇ ತೆಗೆದಿದ್ದರು. ಉತ್ತರ ಧ್ರುವದ ಮೇಲೆ, ಸುಮಾರು 13 ಗಂಟೆ. ಈ ಸಲ ಎರಡು ಇಂಜಿನ್ನಿನ ಏರ್‌ಬಸ್ ಎ350. ಪ್ರಯಾಣಿಕರಿಗೆ ಮತ್ತೆ ಸರ್ಟಿಫಿಕೇಟು ಕೊಟ್ಟರು, ಜೊತೆಗೆ ಸ್ಟಿಕ್ಕರ್ರು. ಇಲ್ಲದಿದ್ದರೆ ದಕ್ಷಿಣದ ದಾರಿ, ಮಧ್ಯ ಏಷ್ಯಾ ಮತ್ತು ಚೀನಾದ ಮೇಲೆ. ಗಾಳಿ ಯಾವ ಕಡೆಗಿದೆ ನೋಡಿ ಎರಡರಲ್ಲಿ ಒಂದನ್ನ ಆರಿಸಿಕೊಳ್ಳುತ್ತಾರೆ.

ಈಗ ಅದೇ ಲೆಕ್ಕ ಮತ್ತೆ ಮಾಡಿ. ಹೋಗೋಕೆ 13, ಬರೋಕೆ 13, ಒಟ್ಟು 26. ದಿನಕ್ಕೆ ಇರುವುದು 24. ಒಂದು ವಿಮಾನದಲ್ಲಿ ನಡೆಯುತ್ತಿದ್ದ ದಿನದ ಸೇವೆಗೆ ಇನ್ನೊಂದು ವಿಮಾನ ಬೇಕು, ಹೆಚ್ಚು ಪೈಲಟ್‌ಗಳು ಬೇಕು, ಇಂಧನ ಬೇಕು. ಟಿಕೆಟ್ ಕೊಳ್ಳುವವರಿಗೆ ಮೂರೂವರೆ ಗಂಟೆ ಅಂದರೆ ಇನ್ನೊಂದು ಸಿನಿಮಾ. ಕಂಪನಿಗೆ ಅದು ಬುಡವೇ ಅಲ್ಲಾಡಿದ ಹಾಗೆ. ಬೇರೆಯವರ ಎಪಿಐ ಮೇಲೆ ಪ್ರಾಡಕ್ಟ್ ಕಟ್ಟಿ, ಒಂದು ಸೋಮವಾರ ಬೆಳಗ್ಗೆ ಆ ಎಪಿಐ ಬಂದ್ ಆದ ಅನುಭವ ಇರುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಹೆಲ್ಸಿಂಕಿಯ ಅನುಕೂಲ ಭೂಗೋಳದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಭೂಗೋಳ ಇವತ್ತಿಗೂ ಹಾಗೇ ಇದೆ. ಅನುಕೂಲ ಅನುಮತಿಯದ್ದಾಗಿತ್ತು.

ಯುದ್ಧದಲ್ಲಿ ಮನೆ ಕಳೆದುಕೊಂಡವರ ಮುಂದೆ ಮೂರೂವರೆ ಗಂಟೆ ದೊಡ್ಡ ನಷ್ಟ ಏನಲ್ಲ. ಬೇಲಿ ಹಾಕುವುದೆಲ್ಲ ತಪ್ಪು ಅಂತಲೂ ನಾನು ಹೇಳುತ್ತಿಲ್ಲ. 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟ ಮಲೇಷ್ಯಾದ ಎಂಎಚ್17 ವಿಮಾನ ಪೂರ್ವ ಉಕ್ರೇನಿನ ಮೇಲೆ ಹಾರುತ್ತಿತ್ತು. ಕೆಳಗೆ ಕಾಳಗ ನಡೆದಿತ್ತು. ಆಕಾಶವನ್ನ 32,000 ಅಡಿಯವರೆಗೆ ಮಾತ್ರ ಮುಚ್ಚಿದ್ದರು. ವಿಮಾನ 33,000 ಅಡಿಯಲ್ಲಿತ್ತು. ಕ್ಷಿಪಣಿ ಬಡಿದು 298 ಜನ ಸತ್ತರು. ಅಲ್ಲಿ ಬೇಲಿ ಬೇಕಿತ್ತು, ಇರಲಿಲ್ಲ. ಆಕಾಶ ಮುಚ್ಚಿದರೆ ಸಮಯ ಹೋಗುತ್ತೆ. ಮುಚ್ಚಬೇಕಾದಾಗ ಮುಚ್ಚದಿದ್ದರೆ ಜೀವವೇ ಹೋಗುತ್ತೆ.

ಇದು ಬರೀ ಫಿನ್ಲೆಂಡಿನ ಕಥೆಯೂ ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳತ್ವದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವ ಪ್ರದೇಶದ ಮೂಲಕ ನೇರ ಬಂದಾಗ ನಾವೆಲ್ಲ ವಾಟ್ಸ್ಯಾಪ್‌ನಲ್ಲಿ ಹಂಚಿಕೊಂಡಿದ್ದೆವು. ಸುಮಾರು 14,000 ಕಿಲೋಮೀಟರ್‌ನ ದಾರಿ ಅದು. ಅಂಥ ದಾರಿಗಳೂ ನಡುವಿನ ದೇಶಗಳು "ಹೋಗಿ" ಅನ್ನುವವರೆಗೆ ಮಾತ್ರ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನ ತಿಂಗಳುಗಟ್ಟಲೆ ಮುಚ್ಚಿತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ನಾವೂ ಅವರ ವಿಮಾನಗಳಿಗೆ ನಮ್ಮ ಆಕಾಶ ಮುಚ್ಚಿದೆವು. ದೆಹಲಿಯಿಂದ ಯೂರೋಪು, ಅಮೆರಿಕದ ಪ್ರಯಾಣ ಉದ್ದವಾಯಿತು. ಇತ್ತ ಚೀನಾದ ಕಂಪನಿಗಳಿಗೆ ರಷ್ಯಾದ ಆಕಾಶ ಈಗಲೂ ತೆರೆದಿದೆ. ಹಾಗಾಗಿ ಒಂದೇ ಎರಡು ಊರಿನ ನಡುವೆ ಚೀನಾದ ವಿಮಾನ ಬೇಗ ಹೋಗುತ್ತೆ, ಯೂರೋಪಿನದು ತಡವಾಗಿ ಹೋಗುತ್ತೆ. ದೂರ ಅನ್ನೋದು ಈಗ ನೀವು ಯಾವ ದೇಶದ ವಿಮಾನ ಹತ್ತಿದ್ದೀರಿ ಅನ್ನೋದರ ಮೇಲೂ ನಿಂತಿದೆ.

ಎರಡು ಊರಿನ ಹೆಸರು ಹಾಕಿ "ಎಷ್ಟು ದೂರ, ಎಷ್ಟು ಹೊತ್ತು" ಅಂತ ಹುಡುಕಿದರೆ ಫೋನು ಎರಡು ಅಂಕಿ ಕೊಡುತ್ತೆ. ಅವೆರಡೂ ಒಂದೇ ಜಾತಿಯವು ಅಂತ ನಾವು ಓದಿಕೊಳ್ಳುತ್ತೇವೆ. ಕಿಲೋಮೀಟರನ್ನ ಭೂಮಿ ನಿರ್ಧರಿಸಿದೆ. ಗಂಟೆಯನ್ನ ಮನುಷ್ಯರು ಆಗಾಗ ತಿದ್ದುತ್ತಿರುತ್ತಾರೆ. ಹೆಲ್ಸಿಂಕಿಯಿಂದ ಟೋಕಿಯೋಗೆ ಈಗಿರುವ 13 ಗಂಟೆಯಲ್ಲಿ ಒಂಬತ್ತೂವರೆ ಭೂಮಿಯ ಲೆಕ್ಕ, ಮೂರೂವರೆ ನಮ್ಮ ಲೆಕ್ಕ. ಭೂಮಿಯ ಲೆಕ್ಕ ಕಮ್ಮಿ ಮಾಡೋಕೆ ಇಂಜಿನಿಯರುಗಳು ಬೇಕು. ನಮ್ಮ ಲೆಕ್ಕ ಕಮ್ಮಿ ಆಗಬೇಕಾದರೆ ಜಗಳ ಮುಗಿಯಬೇಕು.